ಸೌಮ್ಯಶ್ರೀ ಬಿದ್ದ ವಿಡಿಯೊ

ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬಂದ ಎಂಟು ತಿಂಗಳಲ್ಲಿ ಸೌಮ್ಯಶ್ರೀ ನಾಲ್ಕು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಮೊದಲು ಕತ್ತು ತಣ್ಣಗೆ ಬೆವರುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು, ಆಮೇಲೆ ನೆಲ. ಬೀದಿಯ ಕ್ಲಿನಿಕ್ಕಿನವರು ಬಿಪಿ ನೋಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಕಳಿಸಿದ್ದರು. ಅತ್ತೆ ಜಯದೇವಿಗೆ ಅಷ್ಟು ಸಾಕಾಯಿತು. "ಕೆಲಸ ಇದ್ದಾಗ್ಲೇ ಬೀಳ್ತಾಳೆ ನೋಡು," ಎಂದು ಮಗ ಬಸವಕಿರಣನಿಗೆ ಹೇಳಿದರು.

ಐದನೆಯ ಸಲ ಸೌಮ್ಯಶ್ರೀ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. "ರೀ, ಕಣ್ಣು ಕತ್ಲೆ ಬರ್ತಿದೆ," ಎಂದಳು. ಬಸವಕಿರಣ ಮೊಬೈಲು ತೆಗೆದು ವಿಡಿಯೊ ಮಾಡತೊಡಗಿದ.

ಬೀಳುವಾಗ ಮೇಜಿನ ಅಂಚು ತಗುಲಿ ಅವಳ ಹುಬ್ಬು ಸೀಳಿತು. ಹೊಲಿಗೆ ಹಾಕಿಸಲು ವಿಜಯನಗರದ ಆಸ್ಪತ್ರೆಗೆ ಹೋಗಲೇಬೇಕಾಯಿತು. ದಾರಿಯಲ್ಲಿ ಅವನು ವಿಡಿಯೊವನ್ನು ನೆಂಟರ ಗ್ರೂಪಿಗೆ ಹಾಕಿದ. ಉತ್ತರವಾಗಿ ನಗುವ ಮುಖದ ಇಮೋಜಿಗಳು ಬಂದವು.

"ಬಿದ್ದಾಗ ಯಾರಾದ್ರೂ ನೋಡಿದ್ರಾ?" ಎಂದು ಡಾಕ್ಟರ್ ಸ್ಪಂದನ ಕೇಳಿದರು. ಅವನು ಫೋನು ಕೊಟ್ಟ. ಮಂಚದ ಮೇಲೆ ಮಲಗಿದ್ದ ಸೌಮ್ಯಶ್ರೀ ವಿಡಿಯೊದಲ್ಲಿದ್ದ ಗಂಡನ ನಗುವನ್ನು ಆಗ ಮೊದಲ ಸಲ ಕೇಳಿದಳು. ಹಿಂದೆಯೇ ಅತ್ತೆಯ ದನಿ: "ಕಾಳು ಚೆಲ್ಬೇಡ ಅಂತ ಹೇಳೋ."

ಸ್ಪಂದನ ಎರಡು ಸಲ ನೋಡಿದರು. "ಕೂತಲ್ಲೇ ಬಿದ್ದಿದಾರೆ. ಮುಖ ಬಿಳಿಚ್ಕೊಂಡಿದೆ, ಎಚ್ಚರ ಆಗ್ತಿದ್ದ ಹಾಗೆ ಕೆಂಪಾಗಿದೆ. ಇದು ಬರೀ ಸುಸ್ತಲ್ಲ, ಹಾರ್ಟ್ ನೋಡ್ಬೇಕು. ಹದಿನೆಂಟು ಸೆಕೆಂಡು ಮಿಸುಕಿಲ್ಲ. ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ."

ಎದೆಗೆ ವೈರು ಅಂಟಿಸಿ ವಾರ್ಡಿನಲ್ಲಿ ಇರಿಸಿಕೊಂಡರು. ಮಾರನೆಯ ಮಧ್ಯಾಹ್ನ ಅವಳ ಹೃದಯ ಒಂಬತ್ತು ಸೆಕೆಂಡು ನಿಂತು, ಮತ್ತೆ ಬಡಿಯಿತು. ಪೇಸ್‌ಮೇಕರ್ ಹಾಕಬೇಕೆಂದರು.

"ರೋಗ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದಾರೆ," ಎಂದು ಜಯದೇವಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದರು.

ಬಸವಕಿರಣ ಕೇಳಿದ್ದು ಒಂದೇ ಪ್ರಶ್ನೆ: "ಇದು ಹಾಕಿದ್ರೆ ಮಕ್ಳಾಗತ್ತಾ?"

"ಆಗತ್ತೆ."

"ಹಾಗಾದ್ರೆ ಹಾಕಿ."

ಸ್ಪಂದನ ಕಾಗದವನ್ನು ಸೌಮ್ಯಶ್ರೀಯ ಕೈಗೆ ಕೊಟ್ಟರು. ಅವಳು ಸಹಿ ಮಾಡಿದಳು.

ಪೇಸ್‌ಮೇಕರ್ ಹಾಕಿದ ಮೇಲೆ, ಒಂದು ತಿಂಗಳು ಎಡಗೈ ಮೇಲೆತ್ತಬಾರದು, ಭಾರ ಹೊರಬಾರದು ಎಂದು ಹೇಳಿ ಮನೆಗೆ ಕಳಿಸಿದರು. ಬಾಗಿಲಲ್ಲೇ ಅದನ್ನು ಕೇಳಿಸಿಕೊಂಡ ಜಯದೇವಿ, "ಎಡಗೈ ತಾನೇ? ಬಲಗೈ ಚೆನ್ನಾಗಿದೆಯಲ್ಲ," ಎಂದು ಒಳಗೆ ಹೋದರು.

ಸೌಮ್ಯಶ್ರೀ ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಗೇಟಿನ ಬಳಿಗೆ ಹೋಗಿ ಕುರುಬರಹಳ್ಳಿಯ ಅಣ್ಣ ಶಿವಯೋಗಿಗೆ ಫೋನು ಮಾಡಿದಳು. "ಕರ್ಕೊಂಡು ಹೋಗೋ. ಇಲ್ಲಿ ಇರಕ್ಕಾಗಲ್ಲ."

ಅತ್ತ ಕಡೆ ಅತ್ತಿಗೆ ಏನೋ ಅಂದಿದ್ದು ಕೇಳಿಸಿತು. "ಈಗ ಹುಷಾರಾಗಿದೀಯಲ್ಲ," ಎಂದ ಶಿವಯೋಗಿ. "ಸ್ವಲ್ಪ ಹೊಂದ್ಕೊಂಡು ಹೋಗು ಕಣೇ."

ಅವಳು ಇನ್ನೊಂದು ಮಾತು ಆಡುವಷ್ಟರಲ್ಲಿ ಅವನು ಫೋನು ಇಟ್ಟಿದ್ದ. ಒಳಗಿನಿಂದ ಜಯದೇವಿ, ಕುಕ್ಕರ್ ಇಡು ಎಂದು ಕೂಗಿದರು. ಸೌಮ್ಯಶ್ರೀ ಗೇಟು ಮುಚ್ಚಿ ಒಳಗೆ ಹೋದಳು.