ಹಡಗಿನ ದರ್ಜಿ

ಅಕ್ಕ ಹೋದಳೆಂಬ ಸುದ್ದಿ ಬಂದಾಗ ನಾನು ಯಾರದೋ ಕೋಟಿನ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದೆ. ಆಸ್ಪತ್ರೆಯಿಂದ ಮಗಳು ಫೋನ್ ಮಾಡಿದಳು. ಟೆಲಿಫೋನ್ ಆಪರೇಟರ್ ಆಗಿ ಊರವರ ಹುಟ್ಟುಸಾವುಗಳನ್ನೆಲ್ಲ ಮುಟ್ಟಿಸಿದವಳ ಸುದ್ದಿಯೂ ಕೊನೆಗೆ ಫೋನಿನಲ್ಲೇ ಬಂತು. "ಅಪ್ಪಾ, ಅತ್ತೆ..." ಎಂದಳು ಮಗಳು. ಮುಂದೆ ಹೇಳಬೇಕಾಗಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ದೇವರ ಪಟದ ಮುಂದೆ ಕುಳಿತೆ. ದಿನವೂ ಬಾಯಿಗೆ ತಾನಾಗಿ ಬರುವ ಪ್ರಾರ್ಥನೆ ಅಂದು ಬರಲಿಲ್ಲ. ಬಂದದ್ದು ಒಂದೇ ಪ್ರಶ್ನೆ: ಹಾಗಾದರೆ ಆ ದರ್ಜಿ ಏನಾದ?

ನಿವೃತ್ತಳಾದ ಮೇಲೆ ಅಕ್ಕ ನನ್ನ ಮನೆಯಲ್ಲೇ ಇದ್ದಳು. ನನ್ನ ಹೊಲಿಗೆ ಯಂತ್ರವೂ ಅವಳ ಟಿ.ವಿ.ಯೂ ಒಂದೇ ಕೋಣೆಯಲ್ಲಿದ್ದವು. ಒಂದು ಸಂಜೆ ಅವಳು ಚೀನೀ ಧಾರಾವಾಹಿಯೊಂದನ್ನು ಹಾಕಿದಳು. ಬಾಹ್ಯಾಕಾಶಕ್ಕೆ ಹೊರಟ ದೊಡ್ಡದೊಂದು ಹಡಗಿನ ಕಥೆ.

"ಆ ಭಾಷೆ ನಮ್ಮಪ್ಪನಿಗೆ ಬರ್ತಿತ್ತಾ, ನಿನಗೆ ಬರೋಕೆ?" ಎಂದೆ.

"ಕೆಳಗೆ ಇಂಗ್ಲಿಷಿನಲ್ಲಿ ಬರುತ್ತೆ ಕಣೋ. ನಾನು ಓದಿ ಹೇಳ್ತೀನಿ. ನೀನು ನಿನ್ನ ಗುಂಡಿ ನೋಡ್ಕೋ."

"ಆಕಾಶದಲ್ಲಿ ಅಲೆಯೋರ ಕಥೆ ಕಟ್ಕೊಂಡು ನನಗೇನಾಗಬೇಕು? ಭಜನೆ ಹಾಕು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇದ್ದಕ್ಕಿದ್ದಂತೆ, "ಲೋ ಕತ್ತರಿ, ಇಲ್ಲೊಬ್ಬ ದರ್ಜಿ ಇದಾನೆ ಕಣೋ!" ಎಂದಳು. ನನ್ನ ನಾಲಿಗೆ ಹರಿತವೆಂದು ಅವಳು ಚಿಕ್ಕಂದಿನಲ್ಲೇ ಇಟ್ಟ ಹೆಸರು ಅದು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಕಣ್ಣು ಬಟ್ಟೆಯ ಮೇಲೆ, ಕಿವಿ ಅಕ್ಕನ ಮೇಲೆ. ತಲೆ ಎತ್ತಿದರೆ ಹೊಲಿಗೆ ತಪ್ಪುತ್ತದೆ. ಆದ್ದರಿಂದ ನಾನು ಆ ಧಾರಾವಾಹಿಯನ್ನು ನೋಡಲೇ ಇಲ್ಲ, ಕೇಳಿದೆ. ಕ್ಯಾಪ್ಟನ್ ಭೂಮಿಯಲ್ಲಿ ಬಿಟ್ಟುಬಂದ ಮಗುವಿಗೆ ಸಂದೇಶ ಕಳಿಸುವಳು. ಅದು ತಲುಪಲು ವರ್ಷಗಳೇ ಬೇಕು.

"ಇದೆಂಥ ಟ್ರಂಕ್ ಕಾಲ್ ಅಂತೀನಿ! ಅಮ್ಮ ಇಲ್ಲಿ ಹಲೋ ಅಂದ್ರೆ, ಕೇಳಿಸ್ಕೊಳ್ಳೋ ಹೊತ್ತಿಗೆ ಮಗಳು ಅಜ್ಜಿ ಆಗಿರ್ತಾಳೆ," ಎಂದು ಅಕ್ಕ ಕಣ್ಣೊರೆಸಿಕೊಳ್ಳುವಳು.

ನನಗೆ ದರ್ಜಿಯದೇ ಚಿಂತೆ. ಹಡಗಿನವರು ಹೊರಗೆ ತೊಡುವ ಉಡುಪು ಹರಿದರೆ ಅವನೇ ರಿಪೇರಿ ಮಾಡಬೇಕು. "ಅಂಥ ದಪ್ಪ ಬಟ್ಟೆಗೆ ಒಂಟಿ ಹೊಲಿಗೆ ನಿಲ್ಲೋದಿಲ್ಲ, ಜೋಡಿ ಹೊಲಿಗೆ ಹಾಕ್ಬೇಕು," ಎಂದು ನಾನು ಗೊಣಗಿದರೆ, ಮಾರನೆಯ ಸಂಜೆ ಅವನು ಜೋಡಿ ಹೊಲಿಗೆಯನ್ನೇ ಹಾಕಿರುತ್ತಿದ್ದ. "ನೋಡಿದೆಯಾ ಅಕ್ಕ, ಕಸುಬು ಬಲ್ಲವ!" ಎಂದು ನಾನು ಬೀಗುವೆ. "ಮತ್ತೆ! ನಿನ್ನಷ್ಟೇ ಬಾಯಿಬಡುಕ ಕೂಡ," ಎನ್ನುವಳು ಅವಳು.

ಕೊನೆಯ ಸಲ ಅವಳು ಹೇಳಿದ ಕಂತಿನಲ್ಲಿ ದರ್ಜಿ ಹಡಗಿನಿಂದ ಹೊರಗೆ ಹೋಗಿದ್ದ. ಹೊರಗಿದ್ದ ಕ್ಯಾಪ್ಟನ್ ತೊಟ್ಟ ಉಡುಪು ಹರಿದಿತ್ತು. ಹಡಗಿಗೆ ಕಟ್ಟಿದ್ದ ಅವನ ಸೊಂಟದ ಹಗ್ಗ ಸವೆಯುತ್ತಿತ್ತು. "ಆಮೇಲೆ?" ಎಂದೆ. "ನಾಳೆ ಹೇಳ್ತೀನೋ. ಎದೆ ಯಾಕೋ ಹಿಡ್ಕೊಂಡ ಹಾಗಿದೆ," ಎಂದಳು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಮಗಳು ಕೆಲವು ದಿನ ಉಳಿದುಕೊಂಡಳು. ನಾನು ಸಂಕೋಚದಿಂದಲೇ ಕೇಳಿದೆ, ಆ ಹಡಗಿನ ಕಥೆ ಹಾಕುತ್ತೀಯಾ, ಎಂದು. ಕೋಟನ್ನು ತೊಡೆಯ ಮೇಲಿಟ್ಟು, ಮೊದಲ ಬಾರಿಗೆ ತಲೆ ಎತ್ತಿ ನೋಡಿದೆ. ಕ್ಯಾಪ್ಟನ್ ನಾನು ತಿಳಿದದ್ದಕ್ಕಿಂತ ಚಿಕ್ಕವಳು. ನಕ್ಷತ್ರಗಳು ಕಪ್ಪು ಬಟ್ಟೆಯ ಮೇಲೆ ಉದುರಿದ ಸೀಮೆಸುಣ್ಣದ ಪುಡಿಯಂತಿದ್ದವು. ಎಷ್ಟು ಚಂದ! ಆದರೆ ಅವನೆಲ್ಲಿ?

"ದರ್ಜಿ ಯಾವಾಗ ಬರ್ತಾನೆ?"

"ಯಾವ ದರ್ಜಿ ಅಪ್ಪಾ?"

ಹೇಳಿದೆ. ಅವಳು ಹಿಂದಿನ ಕಂತುಗಳನ್ನೂ ತಿರುವಿ ಹಾಕಿದಳು. ಉಡುಪು ಹರಿದದ್ದು ನಿಜ, ಕ್ಯಾಪ್ಟನ್ನೇ ಅದಕ್ಕೆ ಏನನ್ನೋ ಅಂಟಿಸಿಕೊಂಡಳು. ಅವಳ ನೆರವಿಗೆ ಹೊರಗೆ ಯಾರೂ ಹೋಗಲಿಲ್ಲ. ಹಗ್ಗವೂ ಇಲ್ಲ. ಊಟದ ಕೋಣೆಯಲ್ಲಿ ಮಾತ್ರ, ಗುಂಪಿನ ಹಿಂದೆ, ಕನ್ನಡಕವನ್ನು ಹಣೆಗೇರಿಸಿಕೊಂಡ ಮುದುಕನೊಬ್ಬ ಕೂತಿದ್ದ. ಅವನಿಗೆ ಒಂದು ಮಾತೂ ಇರಲಿಲ್ಲ.

ಮಗಳು ಅವನನ್ನು ನೋಡಿದಳು. ನನ್ನ ಹಣೆಯ ಮೇಲಿದ್ದ ಕನ್ನಡಕವನ್ನು ನೋಡಿದಳು. "ಅಯ್ಯೋ ಅತ್ತೆ," ಎಂದು ನಗಲು ಹೋಗಿ ಅತ್ತುಬಿಟ್ಟಳು.

ನನಗೆ ಮೊದಲು ಸಿಟ್ಟು ಬಂತು. ಜೋಡಿ ಹೊಲಿಗೆ ನಾನು ಹೇಳಿಕೊಟ್ಟದ್ದು, ನನಗೇ ಮಾರಿದಳಲ್ಲ! ಬೈಯೋಣವೆಂದರೆ ಅವಳ ಕುರ್ಚಿ ಖಾಲಿ. ಸಿಟ್ಟು ಅಲ್ಲೇ ಕರಗಿತು.

ಕೊನೆಯ ಕಂತು ಬಂತು. ಹಡಗು ಭೂಮಿಗೆ ಇಳಿಯಿತು, ಬಾಗಿಲು ತೆರೆಯಿತು, ಒಬ್ಬೊಬ್ಬರೇ ಹೊರಬರತೊಡಗಿದರು. ಕ್ಯಾಪ್ಟನ್ ಅಮ್ಮನನ್ನು ಎದುರುಗೊಳ್ಳಲು ತಲೆ ನರೆತ ಮಗಳು ನಿಂತಿದ್ದಳು. ಇಳಿಯುವವರ ಮುಖಗಳನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವನು ಅವರಲ್ಲಿ ಇಲ್ಲದಿದ್ದರೆ? ಕನ್ನಡಕ ಇಳಿಸಿಕೊಂಡು, ಸೂಜಿ ಎತ್ತಿ, ಬಟ್ಟೆಗೆ ತಲೆ ಬಗ್ಗಿಸಿದೆ.

"ಓದಿ ಹೇಳಮ್ಮ. ದರ್ಜಿ ಇಳಿದನಾ?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಕ್ಕನೂ ಹೀಗೆಯೇ ಸುಮ್ಮನಿರುತ್ತಿದ್ದಳು.

"ಬಂದ ಅಪ್ಪಾ. ಎಲ್ಲರಿಗಿಂತ ಕೊನೆಗೆ. ಸೂಜಿಡಬ್ಬಿ ಕಂಕುಳಲ್ಲಿದೆ. ಮೆಟ್ಟಿಲಲ್ಲೇ ಯಾರಿಗೋ ಬೈತಿದಾನೆ, ಕಾಲರ್ ನೆಟ್ಟಗಿಲ್ಲ ಅಂತ. ಕೆಳಗೆ ಅವನಕ್ಕ ಕಾಯ್ತಿದಾಳೆ."

"ಬೈಯಲಿ, ಬೈಯಲಿ," ಎಂದೆ. ಕಾಜಾ ಮುಗಿಸಿ ದಾರ ಕತ್ತರಿಸಿದೆ.

ಅಂದು ದೇವರ ಪಟದ ಮುಂದೆ ಕುಳಿತಾಗ ಪ್ರಾರ್ಥನೆ ತಾನಾಗಿ ಬಂತು. ಭಗವಂತಾ, ಎಲ್ಲರ ಮಾತನ್ನೂ ಎಲ್ಲರಿಗೂ ತಲುಪಿಸಿದ ಜೀವ ಅದು. ನಿನ್ನ ಬಾಗಿಲಿಗೆ ಬಂದಾಗ ಹೊರಗೆ ಕಾಯಿಸಬೇಡ. ಅವಳು ಹೇಳಿದ ಸುಳ್ಳನ್ನು ಪುಣ್ಯದ ಕಡೆಗೇ ಬರೆದುಕೋ. ನನ್ನ ಅಕ್ಕನಿಗೆ ಶಾಂತಿ ಕೊಡು, ತಂದೆ.