ಅರ್ಧ ಮಾತು

ಲಾಂಡ್ರಿಯ ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಮುಂದೆ ನಿಲ್ಲುವವರ ಮುಂಗೈಯಲ್ಲಿ ಕೂದಲು ಉಳಿಯುವುದಿಲ್ಲ. ಆಸ್ಪತ್ರೆ, ಹೋಟೆಲುಗಳ ಒದ್ದೆ ಹಾಸಿಗೆ ಬಟ್ಟೆ ಒಂದು ಕಡೆ ಒಳಗೆ ಹೋಗಬೇಕು, ಇನ್ನೊಂದು ಕಡೆ ಗರಿಗರಿಯಾಗಿ ಹೊರಗೆ ಬರಬೇಕು. ಕೈ ಸಿಕ್ಕಿಕೊಳ್ಳದಂತೆ ಉರುಳೆಗೆ ತಂತಿಯ ಜಾಲರಿ ಇತ್ತು. ಜಾಲರಿಯಿಂದ ಕೆಲಸ ನಿಧಾನವಾಗುತ್ತದೆ ಎಂದು ಲಾಂಡ್ರಿಯ ಮ್ಯಾನೇಜರ್ ಅದನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದ. ವಾರ ಕಳೆಯುವುದರೊಳಗೆ ಉರುಳೆ ಒಬ್ಬ ಹುಡುಗಿಯನ್ನು ತೋಳು ಹಿಡಿದು ಒಳಗೆಳೆದುಕೊಂಡಿತು.

ಅವಳನ್ನು ಕೆಲಸಕ್ಕೆ ಸೇರಿಸಿದ್ದು ಅವಳ ಚಿಕ್ಕಮ್ಮ. ಅದೇ ಉರುಳೆಯ ಮುಂದೆ ಕೂದಲು ಹಣ್ಣಾದ ಅವಳು ಲಾಂಡ್ರಿಯ ಎಲ್ಲರಿಗೂ ಚಿಕ್ಕಮ್ಮನೇ. ಅಕ್ಕನ ಮಗಳ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು, "ತಪ್ಪಾಯ್ತು ಕಂದಾ, ನಾನೇ ನಿನ್ನ ಕೊಂದ್ಬಿಟ್ಟೆ" ಎಂದು ಗೋಳಾಡಿದಳು. ಎತ್ತಿ ಆಡಿಸಿದವರು ಯಾರಾದರೂ ಹಾಗೆ ಅನ್ನುತ್ತಾರೆ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದ, ಕಿವಿ ಮಾತ್ರ ತೆರೆದೇ ಇತ್ತು.

ಜಾಲರಿ ಬಿಚ್ಚಿದ್ದು ಚಿಕ್ಕಮ್ಮನೇ, ತನ್ನೆದುರೇ ಒಪ್ಪಿಕೊಂಡಳು ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟ, ಕೇಸಾಯಿತು. ಠಾಣೆಯಲ್ಲಿ ಕೂರಿಸಿ, ಗದರಿಸಿ, ಹಾಗೆಂದೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

"ಅದಕ್ಕೆ ಹೆದರಬೇಡಮ್ಮ" ಎಂದ ಅವಳ ವಕೀಲ. "ಪೊಲೀಸರ ಮುಂದೆ ಒಪ್ಕೊಂಡಿದ್ದಕ್ಕೆ ಕೋರ್ಟಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಹೊಡೆದು ಬಡಿದು ಹೇಳಿಸಿರ್ತಾರೆ ಅಂತ ಕಾನೂನಿಗೇ ಗೊತ್ತು. ತೊಂದರೆ ಇರೋದು ಮ್ಯಾನೇಜರ್ ಮಾತಿಂದ."

"ಅವನು ಪೊಲೀಸಲ್ವಲ್ಲ."

"ಅದೇ ತೊಂದರೆ. ಬೇರೆಯವರ ಮುಂದೆ ನೀನಾಗೇ ಒಪ್ಕೊಂಡಿದ್ರೆ ಅದನ್ನ ಸಾಕ್ಷಿ ಅಂತ ತಗೋಬಹುದು. ದುರ್ಬಲ ಸಾಕ್ಷಿ, ಆದ್ರೂ ಸಾಕ್ಷಿ."

ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಲಾಠಿ ಹಿಡಿದವನನ್ನು ನಂಬದ ಕಾನೂನು, ಕೂಲಿಯವರ ಅನ್ನ ಕೈಯಲ್ಲಿ ಹಿಡಿದವನನ್ನು ನಂಬುತ್ತದಂತೆ.

"ನಾನು ಅಷ್ಟೇ ಹೇಳ್ಲಿಲ್ಲ ಸಾರ್. ಅವನ ಕಡೆ ತಿರುಗಿ ಇನ್ನೂ ಹೇಳ್ದೆ."

"ಹಾಗಾದ್ರೆ ಪೂರ್ತಿ ಮಾತು ಕೋರ್ಟಿಗೆ ಬರ್ಬೇಕು. ಬೇಕಾದ ಅರ್ಧ ಕತ್ತರಿಸಿ ತಗೊಳ್ಳೋ ಹಾಗಿಲ್ಲ. ಕೇಳಿಸ್ಕೊಂಡವರು ಯಾರಾದ್ರೂ ಬಂದು ಹೇಳ್ತಾರಾ?"

ಕೇಳಿಸಿಕೊಂಡವರೆಲ್ಲ ಲಾಂಡ್ರಿಯ ಹೆಂಗಸರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಮಗಳನ್ನು ಕಳೆದುಕೊಂಡ ಅಕ್ಕನಂತೂ ಅಂದಿನಿಂದ ತಂಗಿಯ ಮುಖ ನೋಡಿರಲಿಲ್ಲ. ತಾನೇ ಒಪ್ಪಿಕೊಂಡಳಂತಲ್ಲ, ಇನ್ನೇನು ಕೇಳುವುದು ಎನ್ನುತ್ತಿದ್ದಳು. ಜೈಲಿಗಿಂತ ಹೆಚ್ಚಾಗಿ ಆ ಮಾತು ಚಿಕ್ಕಮ್ಮನನ್ನು ಸುಡುತ್ತಿತ್ತು.

ಕೋರ್ಟಿಗೆ ಮ್ಯಾನೇಜರ್ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದ. ಆ ಇಸ್ತ್ರಿ ಹಾಕಿದವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. "ತಪ್ಪಾಯ್ತು, ನಾನೇ ಕೊಂದೆ ಅಂತ ಸ್ವಂತ ಬಾಯಿಂದ ಹೇಳಿದಾಳೆ ಸ್ವಾಮಿ" ಎಂದು ಹೇಳಿ, ತಲೆ ತಗ್ಗಿಸಿ ದುಃಖಪಟ್ಟು ತೋರಿಸಿದ. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕಮ್ಮನ ಕಡೆಯ ಸರದಿ ಬಂದಾಗ ಕಟಕಟೆ ಹತ್ತಿದವಳು ಅವಳ ಜೊತೆ ಕೆಲಸದವಳು, ಎಲ್ಲರೂ ಗುಡುಗಮ್ಮ ಎಂದು ಕರೆಯುತ್ತಿದ್ದವಳು. ಲಾಂಡ್ರಿಯ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಗಂಟಲೇ ಹಾಗಾಗಿತ್ತು.

"ಮೆಲ್ಲಗೆ ಮಾತಾಡಮ್ಮ" ಎಂದರು ನ್ಯಾಯಾಧೀಶರು.

"ಬರಲ್ಲ ಸ್ವಾಮಿ. ಕೊಂದೆ ಅಂದದ್ದು ನಿಜ. ಈ ಸುಡುಗಾಡಿಗೆ ಕರ್ಕೊಂಡ್ಬಂದು ಕೊಂದೆ ಅಂದ್ಲು. ಆಮೇಲೆ ಈ ಮ್ಯಾನೇಜರ್ ಕಡೆ ತಿರುಗಿ, ಜಾಲರಿ ಬಿಚ್ಚಿಸ್ಬೇಡಿ ಅಂತ ಕಾಲಿಗೆ ಬಿದ್ನಲ್ಲ ಸಾರ್, ಕೇಳಿದ್ರಾ ಅಂದ್ಲು. ಆ ಅರ್ಧ ಮಾತ್ರ ಇವರ ಕಿವಿಗೆ ಬೀಳ್ಲಿಲ್ವಂತೆ."

ಸರ್ಕಾರಿ ವಕೀಲ ಎದ್ದ. "ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೆ?"

"ಗೆಳತಿ ಅಂತ ಸುಳ್ಳು ಹೇಳ್ತಿದೀಯ."

"ಸುಳ್ಳು ಹೇಳಿದ್ರೆ ನಾಳೆ ಕೆಲಸ ಉಳೀತಿತ್ತು. ನಿಜ ಹೇಳಿದ್ದಕ್ಕೇ ಹೋಗೋದು."

ಹಿಂದಿನ ಬೆಂಚು ಕಿರುಗುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು.

"ನೀವೆಲ್ಲ ಯಾಕೆ ಎದ್ರಿ? ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು.

"ನಾವೂ ಕೇಳಿಸ್ಕೊಂಡಿದೀವಿ ಸ್ವಾಮಿ. ನಮ್ಮ ಮಾತೂ ಬರ್ಕೊಳ್ಳಿ."

ಮ್ಯಾನೇಜರ್ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಲಾಂಡ್ರಿಯಲ್ಲಾದರೆ ಆ ನೋಟಕ್ಕೇ ತಲೆಗಳು ತಗ್ಗುತ್ತಿದ್ದವು. ಇಲ್ಲಿ ಒಂದೂ ತಗ್ಗಲಿಲ್ಲ.

ಅಕ್ಕ ಬೆಂಚು ದಾಟಿ ಬಂದು ತಂಗಿಯ ಸುಟ್ಟ ಮುಂಗೈ ಹಿಡಿದುಕೊಂಡಳು. ಪೇದೆ ತಡೆಯಲು ಬಂದ. ಅವಳು ಅವನ ಕಡೆ ನೋಡಲೇ ಇಲ್ಲ, ಮ್ಯಾನೇಜರನ ಕಡೆ ತಿರುಗಿದಳು.

"ನನ್ನ ತಂಗಿ ಮಾಡದ ತಪ್ಪನ್ನೂ ಒಪ್ಕೊಂಡು ಅತ್ಲು. ನೀವು ಮಾಡಿದ್ದನ್ನ ಯಾವಾಗ ಒಪ್ಕೊಳ್ತೀರಿ?"

ನ್ಯಾಯಾಧೀಶರು ಮೇಜು ಕುಟ್ಟಿದರು. ಯಾರೂ ಕೂರಲಿಲ್ಲ. ಎಲ್ಲರೂ ಮ್ಯಾನೇಜರನ ಬಾಯನ್ನೇ ನೋಡುತ್ತ ನಿಂತಿದ್ದರು.