ಪೀಚ್ ಗೋಡೆಯ ಶಿಳ್ಳೆ

"ಶಿಳ್ಳೆ ಹಾಕೇ ಮುಂಡೆ! ಬಾಯಲ್ಲಿ ಏನ್ ಮಡೀಕಂಡಿದ್ದೀಯ?"

ಏಣಿಯ ಮೇಲಿದ್ದ ಡಾರ್ಕಸ್ ತಿರುಗಿ ಹಲ್ಲು ಕಿಸಿದಳು. ಕಿಸಿಯಲು ಮುಂದಿನ ಹಲ್ಲುಗಳೇ ಇರಲಿಲ್ಲ. ಹೋದ ವಾರ ಇದೇ ಏಣಿಯ ಮೆಟ್ಟಿಲು ಮುರಿದು ಬಿದ್ದಾಗ ಉದುರಿದ್ದವು.

"ಗಾಳಿ ಮಡೀಕಂಡಿವ್ನಿ ಬುದ್ಧಿ. ಅದೂ ನಿಲ್ತಾ ಇಲ್ಲ."

ಪಕ್ಕದ ಏಣಿಯಲ್ಲಿದ್ದ ನೆಲ್ ಕಿಸಕ್ಕನೆ ನಕ್ಕಳು. ತೋಟದ ಮೇಸ್ತ್ರಿ ಕ್ರಾಬ್‌ನ ಮುಖ ಕೆಂಪೇರಿತು.

ಹಾರ್ಟನ್ ಬಂಗಲೆಯ ತೋಟಕ್ಕೆ ಸುತ್ತ ಇಟ್ಟಿಗೆಯ ಎತ್ತರದ ಗೋಡೆ, ಒಳಗೊಂದು ಹಳೆಯ ಕಟ್ಟಳೆ: ಹಣ್ಣು ಕೀಳುವವರು ಶಿಳ್ಳೆ ಹಾಕುತ್ತಲೇ ಇರಬೇಕು. ಶಿಳ್ಳೆ ಹಾಕುವ ಬಾಯಿ ಹಣ್ಣು ತಿನ್ನಲಾರದೆಂದು ಹಿಂದಿನ ಯಾವನೋ ಪುಣ್ಯಾತ್ಮ ದೊರೆ ಕಂಡುಹಿಡಿದಿದ್ದ. ಮಾಗಿಯ ಚಳಿಯಲ್ಲಿ ಗೊಬ್ಬರ ಹೊರುವವರು, ಪೀಚ್ ಕೊಂಬೆಗಳನ್ನು ಬಿಸಿಲು ಬೀಳುವ ಗೋಡೆಗೆ ಎಳೆದು ಕಟ್ಟುವವರು ಈ ಹೆಂಗಸರೇ. ಹಣ್ಣಿನ ರುಚಿ ಹೇಗಿರುತ್ತದೆಂದು ಮಾತ್ರ ಅವರನ್ನು ಕೇಳಬಾರದು.

"ಶಿಳ್ಳೆ ಬರ್ದಿದ್ರೆ ನಾಳೆಯಿಂದ ಕೆಲ್ಸಕ್ ಬರ್ಬೇಡ. ಮನೇನೂ ಖಾಲಿ ಮಾಡು."

ಡಾರ್ಕಸ್‌ಳ ನಗೆ ಇಳಿಯಿತು. ಮನೆ ಬಂಗಲೆಯವರದು. ಗಂಡ ಸತ್ತ ಮೇಲೆ ಅವಳ ಕೆಲಸ ಇದ್ದಷ್ಟು ದಿನ ಸೂರು. ನಿಜಕ್ಕೂ ಹೆದರಿ ತುಟಿ ಕೂಡಿಸಿ ಊದಿದಳು. ಪುಸ್. ಮತ್ತೆ ಊದಿದಳು. ಪುಸ್.

"ಥೂ ನಿನ್ನ! ಇಳಿಯೇ ಕೆಳಗೆ."

ನೆಲ್‌ಳ ಶಿಳ್ಳೆ ನಿಂತಿತು. ಕೈಯಲ್ಲಿದ್ದ ಪೀಚನ್ನು ಒಮ್ಮೆ ನೋಡಿದಳು, ಕಚ್ಚಿಯೇಬಿಟ್ಟಳು. ಆಚೆ ತುದಿಯ ಮುದುಕಿ ರೂತ್ ಕೂಡ ಒಂದನ್ನು ಬಾಯಿಗಿಟ್ಟಳು. ತೋಟವೆಲ್ಲ ಗಪ್‌ಚಿಪ್.

"ಲೇ, ಏನ್ರೇ ಇದು?"

"ನಮ್ಗೂ ಹಲ್ ಓಯ್ತು ಬುದ್ಧಿ," ಎಂದಳು ನೆಲ್, ಬಾಯಿ ತುಂಬ ಹಣ್ಣಿಟ್ಟುಕೊಂಡು.

ಗೋಡೆಯಾಚೆ ಹುಲ್ಲುಹಾಸಿನ ಮೇಲೆ ನೆಂಟರಿಗೆ ಚಹಾ ನಡೆದಿತ್ತು. ಅಲ್ಲಿಂದ ದೊರೆಸಾನಿಯ ದನಿ ಬಂತು: "ಕ್ರಾಬ್! ಶಿಳ್ಳೆ ಯಾಕೆ ನಿಂತ್ಹೋಯ್ತು? ನಿನ್ನ ಜನ ಹಣ್ಣು ತಿಂತಿದ್ರೆ ಮೊದ್ಲು ನೀನೇ ಗಂಟುಮೂಟೆ ಕಟ್ಟು!"

ಕ್ರಾಬ್ ಬೆವೆತುಹೋದ. "ಹಾಕ್ರವ್ವಾ," ಎಂದ ಪಿಸುದನಿಯಲ್ಲಿ. ಎಂದೂ ಬಾರದ 'ಅವ್ವ' ಆ ಬಾಯಲ್ಲಿ ಬಂದಿತ್ತು. ಯಾರೂ ಹಾಕಲಿಲ್ಲ. ಕೊನೆಗೆ ತಾನೇ ತುಟಿ ಚೂಪು ಮಾಡಿ ಶಿಳ್ಳೆ ಹಾಕತೊಡಗಿದ.

ಡಾರ್ಕಸ್ ಇಳಿಯಲಿಲ್ಲ. ಚೆನ್ನಾಗಿ ಮಾಗಿದ್ದೊಂದನ್ನು ಹುಡುಕಿ ಕಿತ್ತು ದವಡೆಗೆ ಕೊಟ್ಟಳು. ರಸ ಗದ್ದದಿಂದ ಇಳಿದು ರವಿಕೆ ನೆನೆಯಿತು. ಇಷ್ಟು ವರ್ಷ ಇದನ್ನೇ ತಾನು ಬುಟ್ಟಿಗೆ ಹಾಕಿ ಕಳಿಸಿದ್ದು ಎಂದು ಹೊಟ್ಟೆ ಉರಿಯಿತು.

"ಒಸಿ ಜೋರಾಗ್ ಹಾಕಿ ಬುದ್ಧಿ, ಅಮ್ಮಾವ್ರಿಗ್ ಕೇಳ್ಬೇಕಲ್ಲ. ಮತ್ತೆ ನಾಳೆ ನಾನು ಮನೆ ಖಾಲಿ ಮಾಡ್ಬೇಕಾ?"

ಕ್ರಾಬ್ ಬೇಡಬೇಡವೆಂದು ತಲೆಯಾಡಿಸಿದ. ಬಾಯಿ ತೆರೆದು ಹೇಳುವಂತಿರಲಿಲ್ಲ; ತೆರೆದರೆ ಶಿಳ್ಳೆ ನಿಲ್ಲುತ್ತಿತ್ತು.